ಗೋಕರ್ಣದ ಬೀಚುಗಳನ್ನು ಉಲ್ಟಾ ನಡೆಯುವುದೇ ಸರಿ

ಗೋಕರ್ಣಕ್ಕೆ ಬಂದವರು ಸಾಮಾನ್ಯವಾಗಿ ಊರಿನ ಕಡೆಯಿಂದ ನಡೆಯಲು ಶುರು ಮಾಡುತ್ತಾರೆ: ಕುಡ್ಲೆ, ಓಂ, ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ನಾನು ಜನರನ್ನು ಕರೆದೊಯ್ಯುವುದು ಇದಕ್ಕೆ ಉಲ್ಟಾ. ಊರಿನಿಂದ ಹೊರಟರೆ ದಾರಿ ಮುಂದೆ ಹೋದಷ್ಟೂ ಕಷ್ಟ. ಕೊನೆಯ ಬಂಡೆಗಳಿಗೆ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ, ಬಿಸಿಲು ನೆತ್ತಿಗೇರಿರುತ್ತದೆ. ಆಗ ವಾಪಸ್ ಬರಲು ದೋಣಿಯವರು ಹೇಳಿದ್ದೇ ರೇಟು.

ಬೆಳಿಗ್ಗೆ ಏಳರೊಳಗೆ ಆಟೋ ಹಿಡಿದು ದಕ್ಷಿಣಕ್ಕೆ, ತದಡಿ ಕಡೆಯ ಬೇಲೆಕಾನಿಗೆ ಹೋಗಿ ಇಳಿಯಿರಿ. ಅಲ್ಲಿಂದ ಪ್ಯಾರಡೈಸ್ ಹತ್ತಿರವೇ. ಈ ಬೀಚುಗಳೆಲ್ಲ ಪಶ್ಚಿಮಕ್ಕೋ ನೈಋತ್ಯಕ್ಕೋ ಮುಖ ಮಾಡಿವೆ, ಬೆನ್ನಿಗೆ ಗುಡ್ಡವಿದೆ. ಹಾಗಾಗಿ ಬೆಳಗಿನ ಒಂದೆರಡು ತಾಸು ಗುಡ್ಡದ ನೆರಳಲ್ಲೇ ನಡೆಯಬಹುದು. ತಲಾ ಎರಡು ಲೀಟರ್ ನೀರು, ಚಿಲ್ಲರೆ ನಗದು, ಟಾರ್ಚ್ ಇಟ್ಟುಕೊಳ್ಳಿ. ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬೇಕು. ಹವಾಯಿ ಚಪ್ಪಲಿ ಚಿರೆಕಲ್ಲಿನ ಇಳಿಜಾರಿನಲ್ಲಿ ಕೈಕೊಡುತ್ತದೆ: ಕಲ್ಲಿನ ಮೇಲೆ ಕೂತ ಸಣ್ಣ ಜಲ್ಲಿ ಉರುಳುತ್ತದೆ, ಕಾಲೂ ಅದರ ಜೊತೆಗೇ ಹೋಗುತ್ತದೆ.

ಪ್ಯಾರಡೈಸ್‌ನಿಂದ ಹಾಫ್ ಮೂನ್‌ವರೆಗಿನ ಅರ್ಧ ತಾಸೇ ಇಡೀ ನಡಿಗೆಯ ಜೀವ. ಬಂಡೆಗಳ ಮೇಲೆ ಏರಿಳಿಯಬೇಕು, ನಡುವೆ ಕಿರಿದಾದ ಕಾಲುದಾರಿ, ಕೆಳಗೆ ನೇರ ಸಮುದ್ರ. ಇಲ್ಲಿ ಭರತ-ಇಳಿತದ ಲೆಕ್ಕ ನೋಡದೆ ಹೋಗಬೇಡಿ. ಕಾರವಾರದ ಪಟ್ಟಿ ನೋಡಿದರೆ ಸಾಕು, ಗೋಕರ್ಣಕ್ಕೆ ದೊಡ್ಡ ವ್ಯತ್ಯಾಸವಿಲ್ಲ. ಭರತ ದಿನಕ್ಕೆ ಎರಡು ಸಲ ಬರುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ. ಇಳಿತದಲ್ಲಿ ಕೆಳಗಿನ ಬಂಡೆ ಹತ್ತಿರದ ದಾರಿ ಅನ್ನಿಸಿದರೂ ಅದರ ಮೇಲಿನ ಹಸಿರು ಪಾಚಿ ನೋಡಿಕೊಳ್ಳಿ. ಕಪ್ಪಗೆ ಒಣಗಿದ ಕಲ್ಲಿಗೆ ಮಾತ್ರ ಕಾಲಿಡಿ.

ಹಾಫ್ ಮೂನ್ ಪುಟ್ಟದು, ಸ್ವಲ್ಪ ಹೊತ್ತು ಕೂತು ಎದ್ದರೆ ಆಯಿತು. ಮುಂದಿನ ಅರ್ಧ ತಾಸು ಗುಡ್ಡದ ಅಂಚಿನ ದಾರಿ, ಆಮೇಲೆ ಓಂ ಬೀಚ್. ಊಟ ಇಲ್ಲೇ ಮುಗಿಸಿ. ಮೆನುವಿನಲ್ಲಿ ಪಾಸ್ತಾ, ಪ್ಯಾನ್‌ಕೇಕ್ ಮುಂದಿರುತ್ತವೆ. ನಾನು ಮಾತ್ರ ಮೊದಲು ಇವತ್ತು ಯಾವ ಮೀನು ಬಂದಿದೆ ಎಂದು ಕೇಳುತ್ತೇನೆ. ಬಂಗಡೆ ಇದ್ದರೆ ಬೇರೆ ಯೋಚನೆಯೇ ಬೇಡ. ಅಘನಾಶಿನಿ ನದಿಯ ಅಳಿವೆಯ ಬಳಚು (ಚಿಪ್ಪುಮೀನು) ಸಿಕ್ಕಿದರೆ ಅದೃಷ್ಟ.

ಓಂ ಆಕಾರ ಕಾಣಬೇಕಾದರೆ ಗುಡ್ಡದ ಮೇಲಿಂದಲೇ ನೋಡಬೇಕು. ಎರಡು ಅರ್ಧವೃತ್ತಗಳ ನಡುವೆ ಬಂಡೆಗಳು ಸಮುದ್ರಕ್ಕೆ ಚಾಚಿವೆ. ಈಜಲು ಹೋದವರು ಸಿಕ್ಕಿಬೀಳುವುದು ಆ ಬಂಡೆಗಳ ಪಕ್ಕದಲ್ಲೇ. ದಡಕ್ಕೆ ಬಂದ ನೀರು ಬಂಡೆಯ ಬದಿಯಿಂದ ಸೆಳೆತವಾಗಿ ವಾಪಸ್ ಹೋಗುತ್ತದೆ. ಅಲೆ ಒಡೆಯದೆ ಶಾಂತವಾಗಿ ಕಾಣುವ ಪಟ್ಟಿಯೇ ಅಪಾಯದ ಜಾಗ. ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಒದ್ದಾಡಬೇಡಿ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬನ್ನಿ. ಓಂ, ಕುಡ್ಲೆಗಳಲ್ಲಿ ಲೈಫ್‌ಗಾರ್ಡ್‌ಗಳಿರುತ್ತಾರೆ. ಹಾಫ್ ಮೂನ್, ಪ್ಯಾರಡೈಸ್‌ಗಳಲ್ಲಿ ಯಾರೂ ಇಲ್ಲವೆಂದೇ ಎಣಿಸಿ ಮೊಣಕಾಲುದ್ದಕ್ಕಿಂತ ಮುಂದೆ ಹೋಗಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ನಡಿಗೆಯೇ ಬೇಡ. ದೋಣಿಗಳು ದಡ ಏರಿರುತ್ತವೆ, ಬಂಡೆಗಳೆಲ್ಲ ಸೋಪಿನಂತಾಗಿರುತ್ತವೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಶಿವರಾತ್ರಿಯಲ್ಲಿ ರೂಮು ಸಿಗುವುದು ಕಷ್ಟ, ಆದರೆ ರಥೋತ್ಸವ ನೋಡಬೇಕಾದವರು ಅದನ್ನು ಸಹಿಸಿಕೊಳ್ಳಲೇಬೇಕು.

ಕುಡ್ಲೆಗೆ ಐದರ ಸುಮಾರಿಗೆ ತಲುಪುವಂತೆ ಓಂನಿಂದ ಎದ್ದುಬಿಡಿ. ಸೂರ್ಯ ಮುಳುಗುವುದನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಈ ಸಾಲಿನಲ್ಲಿ ಇಲ್ಲ, ಉದ್ದಕ್ಕೂ ಮರಳು. ಅಲ್ಲಿಂದ ಊರಿಗೆ ಗುಡ್ಡ ಹತ್ತಿ ರಾಮತೀರ್ಥದ ಕಡೆ ಇಳಿಯುವ ದಾರಿ ಇದೆ, ಇಪ್ಪತ್ತು-ಮೂವತ್ತು ನಿಮಿಷ. ಟಾರ್ಚ್ ಇಲ್ಲದಿದ್ದರೆ ಕತ್ತಲಾಗುವ ಮುಂಚೆಯೇ ಹೊರಡಿ. ಮಹಾಬಲೇಶ್ವರನ ದರ್ಶನವನ್ನು ಮಾರನೆಯ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಗಂಡಸರು ಅಂಗಿ ತೆಗೆದು ಪಂಚೆಯಲ್ಲಿ ಹೋಗಬೇಕು, ಮರಳು ಮೆತ್ತಿದ ಬರ್ಮುಡಾ ನಡೆಯುವುದಿಲ್ಲ.