ನಾಣ್ಯದ ಬಣ್ಣ ಯಾಕೆ ಬದಲಾಯ್ತು? ಮನೆಯಲ್ಲೇ ಪತ್ತೆ ಮಾಡಿ

ತರಕಾರಿ ಅಂಗಡಿಯಲ್ಲಿ ಸಿಕ್ಕ ಚಿಲ್ಲರೆಯಲ್ಲಿ ಒಂದು ಐದು ರೂಪಾಯಿ ನಾಣ್ಯ ತಾಮ್ರದ ಚೊಂಬಿನ ಹಾಗೆ ಕೆಂಪಗಿದೆ. ಉಳಿದವೆಲ್ಲ ಹಿತ್ತಾಳೆಯ ಹಳದಿ. ಟಂಕಸಾಲೆಯಲ್ಲಿ ತಪ್ಪಾಗಿರಬೇಕು, ಒಳ್ಳೆ ಬೆಲೆ ಬರಬಹುದು ಎಂದು ಆಸೆ ಹುಟ್ಟುತ್ತದೆ, ಅಲ್ವಾ? ಸ್ವಲ್ಪ ತಾಳಿ. ಪತ್ತೆ ಮುಗಿಯುವ ತನಕ ಅದನ್ನು ಉಜ್ಜಲೇಬೇಡಿ. ಉಜ್ಜಿದರೆ ಸುಳಿವೇ ಅಳಿಸಿಹೋಗುತ್ತದೆ.

ಮೊದಲು ಇಸವಿ ನೋಡಿ. ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ. 1992ರಿಂದ ಬಂದ ದಪ್ಪ ಐದು ರೂಪಾಯಿ ತಾಮ್ರ ಮತ್ತು ನಿಕ್ಕಲ್ ಬೆರೆತದ್ದು. ತೂಕ 9 ಗ್ರಾಂ, ಬಣ್ಣ ಬಿಳಿ. 2007ರಲ್ಲಿ ಸ್ಟೀಲಿನದು ಬಂತು, ಅದೂ ಬಿಳಿಯೇ. 2009ರಿಂದ ಹಳದಿ ನಾಣ್ಯ ಶುರುವಾಯಿತು. ಹಾಗಾಗಿ 2007ರ ಬಿಳಿ ಐದು ರೂಪಾಯಿ ಕಂಡರೆ ಅದು ತಪ್ಪು ನಾಣ್ಯವಲ್ಲ, ಆ ಕಾಲದ್ದು ಅಷ್ಟೇ.

ಆಮೇಲೆ ಅಯಸ್ಕಾಂತ ಹಿಡಿಯಿರಿ. ಫ್ರಿಜ್ ಬಾಗಿಲಿಗೆ ಅಂಟಿಸುವ ಗೊಂಬೆಯೂ ಸಾಕು. ಸ್ಟೀಲಿನ ಒಂದು, ಎರಡು ರೂಪಾಯಿ ಥಟ್ಟನೆ ಅಂಟುತ್ತವೆ. ಹಳದಿ ಐದು ರೂಪಾಯಿ ಅಂಟಬಾರದು. ಅಂಟಿದರೆ ಕುತೂಹಲ ಇಟ್ಟುಕೊಳ್ಳಿ.

ತೂಕ ನೋಡುವುದು ಎಲ್ಲಕ್ಕಿಂತ ಮುಖ್ಯ. ಅಡುಗೆಮನೆಯ ತಕ್ಕಡಿ ಸಾಲದು. ಪರಿಚಯದ ಚಿನ್ನದಂಗಡಿಯಲ್ಲಿ ಕೇಳಿದರೆ ಅರ್ಧ ನಿಮಿಷದ ಕೆಲಸ. 2009ರ ಹಳದಿ ಐದು ರೂಪಾಯಿ 6 ಗ್ರಾಂ, ಅಗಲ 23 ಮಿಲಿಮೀಟರ್. 2011ರ ಸ್ಟೀಲಿನ ಒಂದು ರೂಪಾಯಿ 3.79 ಗ್ರಾಂ, ಎರಡು ರೂಪಾಯಿ 4.85 ಗ್ರಾಂ. ಚಲಾವಣೆಯಲ್ಲಿ ಸವೆದು ಕೂದಲೆಳೆಯಷ್ಟು ಕಡಿಮೆ ಬಂದರೆ ಗಾಬರಿ ಬೇಡ. ಹಳದಿ ಐದು ರೂಪಾಯಿಯ ತೂಕ ಸರಿಯಾಗಿದ್ದು, ಅಯಸ್ಕಾಂತಕ್ಕೂ ಅಂಟದಿದ್ದರೆ ಲೋಹ ಸರಿಯಾಗಿಯೇ ಇದೆ. ಬದಲಾಗಿರುವುದು ಮೈಮೇಲಿನ ಬಣ್ಣ ಮಾತ್ರ.

ಹಾಗಾದರೆ ಆ ಕೆಂಪು ಎಲ್ಲಿಂದ ಬಂತು? ಹಳದಿ ನಾಣ್ಯದಲ್ಲಿ ನೂರಕ್ಕೆ 75 ಪಾಲು ತಾಮ್ರ, 20 ಸತು, 5 ನಿಕ್ಕಲ್. ಹುಳಿ ತಗುಲಿದರೆ ಸತು ಮೊದಲು ಕರಗುತ್ತದೆ, ತಾಮ್ರ ಮೇಲೆ ಉಳಿಯುತ್ತದೆ. ಹಿತ್ತಾಳೆ ದೀಪವನ್ನು ಹುಣಸೆಹಣ್ಣಿನಲ್ಲಿ ನೆನೆಸಿ ಮರೆತರೆ ಅಲ್ಲಲ್ಲಿ ಗುಲಾಬಿ ಛಾಯೆ ಬರುತ್ತದಲ್ಲ, ಅದೇ ಕಥೆ. ನಂಬಿಕೆ ಬರಬೇಕಾದರೆ ಇನ್ನೊಂದು ಮಾಮೂಲಿ ಐದು ರೂಪಾಯಿಯನ್ನು ಒಂದು ರಾತ್ರಿ ನಿಂಬೆರಸದಲ್ಲಿ ಹಾಕಿಡಿ. ಬೆಳಿಗ್ಗೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಚೆಂದದ ಪ್ರಯೋಗ ನನಗೆ ಗೊತ್ತಿಲ್ಲ. ಆ ರಸವನ್ನು ಮಾತ್ರ ಚೆಲ್ಲಿಬಿಡಿ.

ಹಸಿರು ಇದ್ದರೆ ಅದು ಕಿಲುಬು, ತೇವ ಮತ್ತು ಉಪ್ಪಿನ ಕೆಲಸ. ಕಪ್ಪಾಗಿದ್ದರೆ ಗಂಧಕ ತಗುಲಿರಬಹುದು. ನಾಣ್ಯಗಳನ್ನು ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟರೂ ಹೀಗಾಗುತ್ತದೆ. ಸ್ಟೀಲ್ ನಾಣ್ಯದ ಮೇಲೆ ಹುಲ್ಲಿನ ಹಳದಿ, ನೇರಳೆ, ನೀಲಿ ಪಟ್ಟೆ ಕಂಡರೆ ಅದು ಬೆಂಕಿ ಕಂಡ ನಾಣ್ಯ. ಹೋಮಕುಂಡದಲ್ಲೋ ಕಸದ ಬೆಂಕಿಯಲ್ಲೋ ಬಿದ್ದಿರುತ್ತದೆ.

ಯಾರೋ ಬೇಕೆಂದೇ ಲೇಪ ಹಾಕಿಸಿರುವುದೂ ಉಂಟು. ಇದನ್ನು ಹಿಡಿಯಲು ಇಪ್ಪತ್ತು ರೂಪಾಯಿ ನಾಣ್ಯ ಒಳ್ಳೆಯ ಉದಾಹರಣೆ. ಅದರ ಹೊರಬಳೆ ಬಿಳಿ, ನಡುಭಾಗ ಹಳದಿ. ಎರಡೂ ಬೇರೆ ಬೇರೆ ಲೋಹ. ಅಷ್ಟಿದ್ದೂ ಇಡೀ ನಾಣ್ಯ ಒಂದೇ ಸಮ ಚಿನ್ನದ ಬಣ್ಣ ಹೊಳೆದರೆ ಮೇಲೆ ಲೇಪವಿದೆ ಎಂದೇ ಅರ್ಥ. ಒಂದೇ ಲೋಹದ ನಾಣ್ಯವಾದರೆ ಭೂತಗನ್ನಡಿ ಹಿಡಿದು ಅಂಚು ಮತ್ತು ಉಬ್ಬಿದ ಅಕ್ಷರಗಳನ್ನು ನೋಡಿ. ಅಲ್ಲಿ ಲೇಪ ಸವೆದು ಒಳಗಿನ ಮೂಲ ಬಣ್ಣ ಇಣುಕುತ್ತಿರುತ್ತದೆ.

ತೂಕವೂ ತಪ್ಪಿ, ಅಯಸ್ಕಾಂತವೂ ಬೇರೆ ಮಾತು ಹೇಳಿದರೆ ಬೇರೆ ನಾಣ್ಯಕ್ಕೆಂದು ಮಾಡಿದ ಲೋಹದ ಬಿಲ್ಲೆಯ ಮೇಲೆ ಮುದ್ರೆ ಬಿದ್ದಿರಬಹುದು, ಇಲ್ಲವೇ ಅದು ಖೋಟಾ ಇರಬಹುದು. ಆಗ ಅಂಚು ಹಿಡಿದು ಎತ್ತಿ, ಒಣ ಕಾಗದದ ಕವರಿನಲ್ಲಿ ಹಾಕಿ, ಅನುಭವವಿರುವ ನಾಣ್ಯ ಸಂಗ್ರಾಹಕರಿಗೆ ತೋರಿಸಿ. ತೂಕ, ಅಗಲ, ಇಸವಿ ಮೂರನ್ನೂ ಕವರಿನ ಮೇಲೆ ಬರೆದಿರಿ. ಅವರು ಮೊದಲು ಕೇಳುವುದೇ ಅದನ್ನು.