ಟ್ಯಾಕೋಮೀಟರ್ ಮುಳ್ಳು ಮಲಗಿದಾಗ: ಹಳೇ ಔಟ್‌ಬೋರ್ಡ್ ಎಂಜಿನ್ ಜೊತೆ ನನ್ನ ಅನುಭವ

ನನ್ನ ದೋಣಿಗಿರುವುದು ಹಳೇ ಟೂ-ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್. ಅದು ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ತಿರುಗುತ್ತಿದೆ ಎಂದು ತೋರಿಸುವ ಟ್ಯಾಕೋಮೀಟರ್ ಮುಳ್ಳು ಕೆಲವು ದಿನ ಗಡಗಡ ನಡುಗಿ, ಆಮೇಲೆ ಸೊನ್ನೆಗೆ ಬಂದು ಮಲಗಿಬಿಟ್ಟಿತು. ಎಂಜಿನ್ ಮಾತ್ರ ತನಗೇನೂ ಸಂಬಂಧವಿಲ್ಲ ಎಂಬಂತೆ ಓಡುತ್ತಿತ್ತು. ಮೀಟರ್ ಹೋಗಿದೆ, ಹೊಸದು ಹಾಕಿಸು ಅಂದವರೇ ಜಾಸ್ತಿ. ನಾನು ಮೊದಲು ಮಲ್ಟಿಮೀಟರ್ ಹಿಡಿದದ್ದು ಬ್ಯಾಟರಿಗೆ.

ಕಾರಣ ಇದೆ. ಇಂಥ ಎಂಜಿನ್‌ಗಳಲ್ಲಿ ಟ್ಯಾಕೋಮೀಟರ್‌ಗೆಂದು ಬೇರೆ ಸೆನ್ಸರ್ ಇರುವುದಿಲ್ಲ. ಎಂಜಿನ್ ಜೊತೆ ತಿರುಗುವ ಫ್ಲೈವೀಲ್ ಚಕ್ರದ ಅಯಸ್ಕಾಂತಗಳು, ಅಲುಗಾಡದೆ ಕೂತ ಸ್ಟೇಟರ್ ಎಂಬ ತಂತಿ ಸುರುಳಿಗಳ ಸುತ್ತ ತಿರುಗುವಾಗ ಎಸಿ ಕರೆಂಟ್ ಹುಟ್ಟುತ್ತದೆ, ರೆಕ್ಟಿಫೈಯರ್ ಅದನ್ನು ಡಿಸಿ ಮಾಡಿ ಬ್ಯಾಟರಿಗೆ ಕಳಿಸುತ್ತದೆ. ದಾರಿಯಲ್ಲಿ ಅದೇ ಎಸಿ ಅಲೆಗಳನ್ನು ಎಣಿಸಿ ತೋರಿಸುವುದಷ್ಟೇ ಮೀಟರಿನ ಕೆಲಸ. ಅಂದರೆ ಮುಳ್ಳು ಮಲಗಿದರೆ ಚಾರ್ಜಿಂಗ್ ಕೂಡ ನಿಂತಿರುವ ಸಾಧ್ಯತೆ ಬಹಳ.

ನೀರಿನ ಪೈಪ್ ಜೋಡಿಸಿ ಎಂಜಿನ್ ಸ್ಟಾರ್ಟ್ ಮಾಡಿದೆ. (ನೀರಿಲ್ಲದೆ ಅರೆಗಳಿಗೆಯೂ ಓಡಿಸಬಾರದು, ಎಂಜಿನ್ ತಂಪು ಮಾಡುವ ಪಂಪಿನ ರಬ್ಬರ್ ರೆಕ್ಕೆಚಕ್ರ (ಇಂಪೆಲ್ಲರ್) ಸುಟ್ಟುಹೋಗುತ್ತದೆ.) ಐಡಲ್‌ಗಿಂತ (ಥ್ರಾಟಲ್ ಕೊಡದೆ ಸುಮ್ಮನೆ ಓಡುವ ವೇಗ) ಸ್ವಲ್ಪ ಮೇಲೆ ಇಟ್ಟು ನೋಡಿದರೆ ಬ್ಯಾಟರಿಯಲ್ಲಿ 12.3 ವೋಲ್ಟ್. ಚಾರ್ಜ್ ಆಗುತ್ತಿದ್ದರೆ 13.5ರಿಂದ 14.5ರ ಆಸುಪಾಸು ಇರಬೇಕಿತ್ತು. ಅಲ್ಲಿಗೆ ಅರ್ಧ ಉತ್ತರ ಸಿಕ್ಕಂತಾಯಿತು.

ಆದರೂ ಮೀಟರಿನ ಹಿಂಭಾಗ ನೋಡದೆ ಬಿಡಲಿಲ್ಲ. ಅಲ್ಲಿ ಮುಖ್ಯವಾದವು ಮೂರೇ ವೈರ್: ನೇರಳೆಗೆ ಕೀ ಆನ್ ಮಾಡಿದಾಗ 12 ವೋಲ್ಟ್ ಬರಬೇಕು, ಕಪ್ಪು ಗ್ರೌಂಡ್, ಬೂದು ಬಣ್ಣದ್ದು ಎಂಜಿನ್‌ನಿಂದ ಸಿಗ್ನಲ್ ತರುವಂಥದ್ದು. ಮೊದಲೆರಡು ಸರಿಯಿದ್ದವು. ಟರ್ಮಿನಲ್‌ಗಳ ಹಸಿರು ಕಿಲುಬನ್ನು ಉಜ್ಜಿ ತೆಗೆದೆ, ಬೂದು ವೈರ್ ಎಲ್ಲೂ ತುಂಡಾಗಿಲ್ಲ ಎಂಬುದನ್ನು ಆ ತುದಿಯಿಂದ ಈ ತುದಿಗೆ ಕಂಟಿನ್ಯುಟಿ (ಕರೆಂಟ್ ಹರಿಯುವ ದಾರಿ ಇದೆಯೇ ಎಂದು) ನೋಡಿ ಖಚಿತ ಮಾಡಿಕೊಂಡೆ.

ಉಳಿದದ್ದು ಎಂಜಿನ್ ಮುಚ್ಚಳದ ಕೆಳಗೆ. ಬ್ಯಾಟರಿ ಬಿಚ್ಚಿ, ರೆಕ್ಟಿಫೈಯರ್ ವೈರ್‌ಗಳನ್ನು ಕಳಚಿ, ಮಲ್ಟಿಮೀಟರ್ ಅನ್ನು ಡಯೋಡ್ ಟೆಸ್ಟ್‌ಗೆ ತಿರುಗಿಸಿದೆ. ಒಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕು ಡಯೋಡ್. ಒಳ್ಳೆಯ ಡಯೋಡ್ ಒಂದು ದಿಕ್ಕಿನಲ್ಲಿ ಸುಮಾರು 0.5 ವೋಲ್ಟ್ ತೋರಿಸುತ್ತದೆ, ಪ್ರೋಬ್ ಅದಲುಬದಲು ಮಾಡಿದರೆ ಏನನ್ನೂ ತೋರಿಸದು. ಮೂರು ಹಾಗೇ ಇದ್ದವು. ಸ್ಟೇಟರ್‌ನಿಂದ ಬರುವ ಎರಡು ಹಳದಿ ವೈರ್‌ಗಳಲ್ಲಿ ಒಂದರ ಮತ್ತು ಬಾಡಿ ನಡುವಿನದು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಸೊನ್ನೆ. ಶಾರ್ಟ್. ಬೂದು ವೈರ್‌ಗೆ ಸಿಗ್ನಲ್ ಹೋಗುವುದು ಅದೇ ಹಳದಿಯಿಂದ. ಅದನ್ನು ಸತ್ತ ಡಯೋಡ್ ನೇರ ಗ್ರೌಂಡಿಗೆ ಕಟ್ಟಿಹಾಕಿದ ಮೇಲೆ ಮೀಟರಿಗೆ ಎಣಿಸಲು ಅಲೆಯೇ ಉಳಿಯಲಿಲ್ಲ. ಹೀಗೇ ಓಡಿಸುತ್ತಿದ್ದರೆ ಸ್ಟೇಟರ್ ಬಿಸಿಯಾಗಿ ಸುಡಬಹುದು, ಅದು ರೆಕ್ಟಿಫೈಯರ್‌ಗಿಂತ ಬಹಳ ದುಬಾರಿ ಸಾಮಾನು. ಬ್ಯಾಟರಿ ಉಲ್ಟಾ ಜೋಡಿಸುವುದು, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವೈರ್ ಕಳಚುವುದು ಇವೆರಡೂ ಡಯೋಡ್‌ಗಳ ಪ್ರಾಣ ತೆಗೆಯುತ್ತವೆ.

ಸ್ಟೇಟರ್ ಕೂಡ ನೋಡಿದೆ. ಎರಡು ಹಳದಿ ವೈರ್‌ಗಳ ನಡುವೆ ಕರೆಂಟಿನ ದಾರಿ ಪೂರ್ತಿ ಇತ್ತು, ಅವುಗಳಿಂದ ಬಾಡಿಗೆ ಮಾತ್ರ ಎಲ್ಲೂ ಸಂಪರ್ಕ ಇರಲಿಲ್ಲ. ಸದ್ಯ!

ಹೊಸ ರೆಕ್ಟಿಫೈಯರ್ ಕೂರಿಸುವ ಮುಂಚೆ ಅದರ ಬುಡ ಕೂರುವ ಜಾಗದ ಬಣ್ಣ, ತುಕ್ಕು ಕೆರೆದೆ, ಅದರ ಗ್ರೌಂಡ್ ಇರುವುದೇ ಅಲ್ಲಿ. ಸ್ಟಾರ್ಟ್ ಮಾಡಿದೆ: ಬ್ಯಾಟರಿಯಲ್ಲಿ 13.9, ಮುಳ್ಳು ಅಲುಗಾಡದೆ ನಿಂತಿತು.

ನಿಂತದ್ದೇನೋ ಸರಿ, ನಿಂತದ್ದು 1200ರಲ್ಲಿ. ಕಿವಿಗೆ ಕೇಳುತ್ತಿದ್ದುದು ಅದಕ್ಕಿಂತ ನಿಧಾನವಾದ ಐಡಲ್. ಮೊದಲು ಚೆನ್ನಾಗಿದ್ದಾಗಲೂ ಫುಲ್ ಥ್ರಾಟಲ್‌ನಲ್ಲಿ ಮುಳ್ಳು 7000ದ ತುದಿಗೆ ಹೋಗಿ ಅಂಟಿಕೊಳ್ಳುತ್ತಿತ್ತು, 5000-5500ಕ್ಕೆ ಮಾಡಿದ ಎಂಜಿನ್ ಅದು. ಬೂದು ವೈರ್‌ನಲ್ಲಿ ಫ್ರೀಕ್ವೆನ್ಸಿ ಅಳೆದರೆ 80 ಹರ್ಟ್ಜ್ ಬಂತು. ಮ್ಯಾನುಯಲ್ ಪ್ರಕಾರ ನನ್ನದು 12 ಪೋಲ್ ಸ್ಟೇಟರ್, ಎರಡು ಪೋಲ್‌ಗೆ ಒಂದು ಅಲೆ (ಪಲ್ಸ್), ಅಂದರೆ ಒಂದು ಸುತ್ತಿಗೆ 6 ಪಲ್ಸ್. 80ನ್ನು 60ರಿಂದ ಗುಣಿಸಿ 6ರಿಂದ ಭಾಗಿಸಿದರೆ 800 ಆರ್‌ಪಿಎಂ. ಪ್ಲಗ್ ವೈರ್‌ಗೆ ಕ್ಲಿಪ್ ಹಾಕುವ ಬೇರೆ ಟ್ಯಾಕೋಮೀಟರ್ ತಂದು ನೋಡಿದಾಗಲೂ 800. 6ರ ಬದಲು 4ರಿಂದ ಭಾಗಿಸಿ, ಸರಿಯಾಗಿ 1200 ಬರುತ್ತದೆ!

ಮೀಟರಿನ ಬೆನ್ನಿಗೆ ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಪುಟ್ಟ ಸ್ವಿಚ್ ಇರುತ್ತದೆ, ಒಂದು ಸುತ್ತಿಗೆ ಎಷ್ಟು ಪಲ್ಸ್ ಎಂದು ಮೀಟರಿಗೆ ತಿಳಿಸಲು 4, 5, 6 ಎಂದು ಗುರುತು. ನನ್ನದು 4ರಲ್ಲಿತ್ತು. ಹಿಂದಿನ ಮಾಲೀಕರು ಮೀಟರ್ ಬದಲಿಸಿದಾಗ ಬಂದ ಹಾಗೇ ಹಾಕಿದ್ದಿರಬೇಕು. 6ಕ್ಕೆ ತಿರುಗಿಸುವ ಮುಂಚೆ ಸ್ವಿಚ್ಚನ್ನು ಹಿಂದೆ ಮುಂದೆ ಸುಮಾರು ಸಲ ಆಡಿಸಿದೆ. ಉಪ್ಪುಗಾಳಿಗೆ ಅದರ ಒಳಗಿನ ತಗಡಿಗೆ ಕಿಲುಬು ಕೂತು ಮುಳ್ಳು ಸುಮ್ಮನೆ ಕುಣಿಯುವುದುಂಟು, ಎಷ್ಟೋ ಮೀಟರ್‌ಗಳು ಈ ಒಂದು ಆಟಕ್ಕೇ ಸರಿಹೋಗುತ್ತವೆ.

ಈಗ ನಿಜವಾದ ಲೆಕ್ಕ ಹೊರಬಿತ್ತು. ಎಂದಿನ ಭಾರ ಹೇರಿ, ಫುಲ್ ಥ್ರಾಟಲ್ ಕೊಟ್ಟರೆ ಬರುವುದು 4700. ಇಷ್ಟು ದಿನ ಅತಿವೇಗ ಎಂದು ಹೆದರಿ ಥ್ರಾಟಲ್ ಇಳಿಸುತ್ತಿದ್ದ ಎಂಜಿನ್, ಅಸಲಿಗೆ ಹೆಚ್ಚು ಪಿಚ್‌ನ (ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕದ ದೂರ) ಪ್ರೊಪೆಲ್ಲರ್ ಹೊತ್ತು ಏದುಸಿರು ಬಿಡುತ್ತಿತ್ತು. ಪಿಚ್ ಒಂದು ಇಂಚು ಇಳಿಸಿದರೆ ಸಾಮಾನ್ಯವಾಗಿ 150ರಿಂದ 200 ಆರ್‌ಪಿಎಂ ಏರುತ್ತದೆ. ಎರಡು ಇಂಚು ಕಡಿಮೆ ಪಿಚ್‌ನದು ಹಾಕಿದೆ, ಈಗ 5050ರ ಹತ್ತಿರ ನಿಲ್ಲುತ್ತಿದೆ.