ಕರಾರಿಗೆ ಸಹಿ ಹಾಕುವ ಮೊದಲು ನೆರೆನೀರಿನ ಗುರುತು ನೋಡುತ್ತೇನೆ

ಕಾಸರಗೋಡಿನ ಕುಂಬಳೆ, ಮಂಜೇಶ್ವರ ಕಡೆ ಮನೆ, ಅಂಗಡಿ ಕಟ್ಟಿಕೊಡುವುದು ನನ್ನ ಕೆಲಸ. ಶಿರಿಯ, ಉಪ್ಪಳ, ಮೊಗ್ರಾಲ್, ಯಾವ ಹೊಳೆಯೂ ಇಲ್ಲಿ ದೂರವಿಲ್ಲ. ಮಧೂರು ದೇವಸ್ಥಾನದೊಳಗೆ ಮಧುವಾಹಿನಿಯ ನೀರು ನುಗ್ಗುವುದನ್ನು ನಾವೆಲ್ಲ ನೋಡಿದವರೇ. ಹಾಗಾಗಿ ಕರಾರಿನಲ್ಲಿ ‘ಗುತ್ತಿಗೆದಾರ ಇನ್ಶೂರೆನ್ಸ್ ಮಾಡಿಸಬೇಕು’ ಅಂತ ಒಂದೇ ಸಾಲು ಇದ್ದರೆ ನಾನು ಸಹಿ ಹಾಕುವುದಿಲ್ಲ. ಯಾವ ಪಾಲಿಸಿ, ಎಷ್ಟು ಮೊತ್ತಕ್ಕೆ, ಯಾರ ಹೆಸರಲ್ಲಿ, ಯಾವ ದಿನದವರೆಗೆ, ಎಲ್ಲ ಬರೆಸುತ್ತೇನೆ.

ಕೀಲಿಕೈ ಕೊಡುವವರೆಗೆ ಕಟ್ಟಡದ ಹೊಣೆ ಹೆಚ್ಚಿನ ಕರಾರುಗಳಲ್ಲಿ ನಮ್ಮದೇ. ಫೋರ್ಸ್ ಮೆಜೂರ್, ಅಂದರೆ ನಮ್ಮ ಕೈಮೀರಿದ ವಿಪತ್ತು, ಅಂತ ಒಂದು ಕಲಮು ಇರುತ್ತದಲ್ಲ, ನೆರೆ ಬಂದಾಗ ಅದರಿಂದ ಸಾಮಾನ್ಯವಾಗಿ ಸಿಗುವುದು ಹೆಚ್ಚುವರಿ ಸಮಯ ಮಾತ್ರ. ಕೊಚ್ಚಿಹೋದ ಜಲ್ಲಿಯ ದುಡ್ಡು ಕೊಡುವುದು ಪಾಲಿಸಿ.

ನಾನು ಮಾಡಿಸುವುದು ಕಟ್ಟುತ್ತಿರುವ ಕೆಲಸಕ್ಕೇ ಇರುವ ಕಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ, ಮಾಲಕರ ಮತ್ತು ನನ್ನ ಜಂಟಿ ಹೆಸರಲ್ಲಿ. ಮೊತ್ತ ಹಾಕುವಾಗ ಮಾಲಕರೇ ತಂದುಕೊಡುವ ಕಬ್ಬಿಣ, ಟೈಲ್ಸ್ ಕೂಡ ಸೇರಬೇಕು. ಉದಾಹರಣೆಗೆ ಗುತ್ತಿಗೆ 40 ಲಕ್ಷ, ಮಾಲಕರ ಸಾಮಾನು 10 ಲಕ್ಷ ಅಂತಿಟ್ಟುಕೊಳ್ಳಿ. ಒಟ್ಟು 50ರ ಕೆಲಸಕ್ಕೆ ಬರೀ 40ಕ್ಕೆ ಮಾಡಿಸಿದರೆ ನಷ್ಟವನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತಾರೆ, 5 ಲಕ್ಷ ನಷ್ಟವಾದಾಗ ಲೆಕ್ಕಕ್ಕೆ ಬರುವುದು 4 ಲಕ್ಷ. ಅದರಲ್ಲೂ ಎಕ್ಸೆಸ್, ಅಂದರೆ ನಷ್ಟದಲ್ಲಿ ನಾವೇ ಹೊರಬೇಕಾದ ಪಾಲು, ಕಳೆಯುತ್ತಾರೆ. ನೆರೆ, ಗಾಳಿಮಳೆಗೆ ಈ ಎಕ್ಸೆಸ್ ಮಾಮೂಲಿ ನಷ್ಟಕ್ಕಿಂತ ಜಾಸ್ತಿ. ಅದನ್ನು ಯಾರು ಹೊರಬೇಕು ಅನ್ನುವುದನ್ನೂ ಕರಾರಿನಲ್ಲೇ ತೀರ್ಮಾನ ಮಾಡಿಕೊಳ್ಳುತ್ತೇನೆ. ನೀರಿಳಿದ ಮೇಲೆ ಗುಂಡಿ ತುಂಬ ನಿಲ್ಲುವ ಕೆಸರು ತೆಗೆಸುವ ಖರ್ಚಿಗೆ ಬೇರೆ ಮೊತ್ತ ತೋರಿಸಬೇಕು, ಇಲ್ಲದಿದ್ದರೆ ಅದು ಕೈಯಿಂದಲೇ ಹೋಗುತ್ತದೆ.

ನಮ್ಮ ಊರಿಗೆ ತುಂಬ ಮುಖ್ಯವಾದ ಇನ್ನೊಂದು ಮಾತಿದೆ. ಕೆಲಸ ನಿಂತದ್ದರಿಂದ ಆದ ನಷ್ಟ ಈ ಪಾಲಿಸಿಯಲ್ಲಿ ಹೊರಗೆ. ಆದರೆ ಆಟಿ ತಿಂಗಳ ಮಳೆಗೆ ಇಲ್ಲಿ ಕೆಲಸ ನಿಲ್ಲಿಸದವರು ಯಾರು? ಅದಕ್ಕೇ ಮಳೆಗಾಲದಲ್ಲಿ ಕೆಲಸ ನಿಲ್ಲಿಸುವ ಮೊದಲೇ ಇನ್ಶೂರೆನ್ಸ್ ಕಂಪನಿಗೆ ಕಾಗದ ಬರೆದು, ಕವರ್ ಮುಂದುವರಿಯುತ್ತದೆ ಅಂತ ಅವರಿಂದ ಬರಹದಲ್ಲೇ ಉತ್ತರ ತರಿಸಿಕೊಳ್ಳುತ್ತೇನೆ. ಏಜೆಂಟರು ಫೋನಿನಲ್ಲಿ ‘ತೊಂದರೆಯಿಲ್ಲ’ ಅಂದರೆ ಸಾಲದು.

ನೆರೆಯಿಂದ ಕಾಪಾಡಿಕೊಳ್ಳಲು ಬೇಕಾದ ಏರ್ಪಾಡು ಮಾಡಿರಬೇಕು ಅಂತಲೂ ಷರತ್ತು ಇರುತ್ತದೆ. ಜಾಗ ನೋಡಲು ಹೋದಾಗ ಪಕ್ಕದ ಮನೆಯ ಹಿರಿಯರನ್ನು ಕೇಳುತ್ತೇನೆ, ನೀರು ಎಲ್ಲಿವರೆಗೆ ಬಂದಿತ್ತು ಅಂತ. ಶಿರಿಯ ಹೊಳೆ ಬದಿಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಕೊಟ್ಟಿಗೆಯ ಮುರಕಲ್ಲಿನ ಗೋಡೆ ತೋರಿಸಿದರು. ಸೊಂಟದೆತ್ತರದಲ್ಲಿ ಮಣ್ಣಿನ ಗೆರೆ, ಅದರ ಕೆಳಗೆ ಕಲ್ಲಿನ ಬಣ್ಣವೇ ಬೇರೆ. ಆ ಗೆರೆಗೆ ಟೇಪು ಹಿಡಿದು ಫೋಟೊ ತೆಗೆದೆ. ಸಿಮೆಂಟಿನ ಶೆಡ್ಡು ಅದಕ್ಕಿಂತ ಮೇಲೆ ಹಾಕಿಸಿದೆ. ಸೈಟಿನ ತೋಡಿನಲ್ಲಿ ಬಿದ್ದಿದ್ದ ಮರದ ಕೊಂಬೆ, ಮರಳು ತೆಗೆಸಿ ಅದಕ್ಕೂ ಫೋಟೊ. ಎಲ್ಲವನ್ನೂ ತಾರೀಕಿನ ಜೊತೆ ಕಂಪನಿಗೆ ಕಳಿಸಿದೆ. ನೀರು ಬಂದರೆ ನಷ್ಟ ಅಳೆಯಲು ಬರುವ ಸರ್ವೇಯರ್ ಮೊದಲು ಕೇಳುವುದು ಇಂಥದ್ದನ್ನೇ, ಜೊತೆಗೆ ಸಾಮಾನಿನ ರಿಜಿಸ್ಟರು. ಆ ರಿಜಿಸ್ಟರನ್ನು ಸೈಟಿನಲ್ಲಿ ಇಡಬೇಡಿ, ದಯವಿಟ್ಟು.

ಮಿಕ್ಸರ್, ವೈಬ್ರೇಟರ್‌ಗಳಿಗೆ ಪ್ಲಾಂಟ್ ಮತ್ತು ಮೆಷಿನರಿ ಪಾಲಿಸಿ ಬೇರೆ, ಕೆಲಸದವರ ಪಾಲಿಸಿಯೂ ಬೇರೆ.

ಕೆಲವು ಅಂಗಡಿಗಳ ಪಂಪ್, ಜನರೇಟರ್ ವಾರ್ಷಿಕ ಸರ್ವಿಸಿಗೂ ತೆಗೆದುಕೊಂಡಿದ್ದೇನೆ. ಆ ಕರಾರಿನಲ್ಲಿ, ನೀರಲ್ಲಿ ಮುಳುಗಿ ಕೆಟ್ಟರೆ ರಿಪೇರಿ ಸರ್ವಿಸಿನ ಲೆಕ್ಕಕ್ಕೆ ಸೇರುವುದಿಲ್ಲ ಅಂತ ಸ್ಪಷ್ಟವಾಗಿ ಬರೆಯುತ್ತೇನೆ. ಆ ನಷ್ಟ ಅಂಗಡಿಯವರ ಸ್ವಂತ ಪಾಲಿಸಿಗೆ ಹೋಗಬೇಕು, ನೆರೆಯೂ ಸೇರಿದ ಬೆಂಕಿ ವಿಮೆಗೆ.

ಮನೆಯವರಿಗಾದರೆ 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಅನ್ನುವ ಮನೆ ವಿಮೆ ಇದೆ, ಅದರಲ್ಲಿ ನೆರೆ ಸೇರಿದೆ. ಕೀಲಿಕೈ ಕೊಡುವ ದಿನವೇ ಅದನ್ನು ಶುರು ಮಾಡಿಸಿಕೊಳ್ಳಿ ಅಂತ ಮಾಲಕರಿಗೆ ಹೇಳುತ್ತೇನೆ. ಕೆಲಸ ಮುಗಿದ ಮೇಲಿನ ದುರಸ್ತಿ ಅವಧಿಗೆ ಮೇಂಟೆನೆನ್ಸ್ ಕವರ್ ಇದ್ದರೂ, ಅವರು ವಾಸಕ್ಕೆ ಬಂದ ಮೇಲೆ ನೆರೆ ಬಂದರೆ ನನ್ನ ಪಾಲಿಸಿ ಅದನ್ನು ಭರಿಸುವುದಿಲ್ಲ.